ಹಸಿರಕ್ಷರದ ಅಡುಗೆಮನೆ

ಹೆಂಡತಿಯ ಕಣ್ಣು ನೆರೆಮನೆಯ ಸೀರೆಯ ಮೇಲೆ ಬಿದ್ದರೆ ಸಹಿಸಬಹುದು; ನನ್ನ ಕಂಪ್ಯೂಟರಿನ ಮೇಲೆ ಬಿದ್ದಿತ್ತು. ವರ್ಗವಾಗಿ ನಾಶಿಕದ ಪಂಚವಟಿಯ ಈ ಎರಡು ಕೋಣೆಗೆ ಬಂದಾಗಿನಿಂದ ಭುವನೇಶ್ವರಿಯದು ಒಂದೇ ರಾಗ.

"ಏನ್ರೀ, ಐತಾರ ಭಂಗಾರದಾಂವ ಬರ್ತಾನ. ಅಷ್ಟರಾಗ ಈ ಡಬ್ಬಾ ಮನಿಗೆ ಉಪಯೋಗಕ್ಕ ಬಂದ್ರ ಇರ್ಲಿ, ಇಲ್ಲಂದ್ರ ಹೋಗ್ಲಿ."

(ಇಲ್ಲಿ ಭಂಗಾರವೆಂದರೆ ಗುಜರಿ. ನಮ್ಮ ಬೀದರಿನ ಬಂಗಾರವಾಗಿದ್ದರೆ ನಾನೇ ಬಾಗಿಲು ತೆರೆಯುತ್ತಿದ್ದೆ.)

ಹೇಗೆ ಬಿಡಲಿ? ಸಂಭಾಜಿನಗರದ ಬ್ಯಾಂಕ್ ಶಾಖೆಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಕೌಂಟರಿನವರು. ಆಗ ಮೌಸ್ ಇರಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಸಿಲ್ಲೋಡಿನಿಂದ ಹತ್ತಿ ಮಾರಿ ಬಂದವನು ಪಾಸ್‌ಬುಕ್ ತೆಗೆಯುವಷ್ಟರಲ್ಲಿ ಭುವನೇಶ್ವರಿ ಅವನ ಖಾತೆಯನ್ನೇ ತೆರೆದಿರುತ್ತಿದ್ದಳು. ನಾನು ಮೊದಲು ಮೆಚ್ಚಿದ್ದು ಆ ಬೆರಳುಗಳ ವೇಗವನ್ನು, ಅವಳನ್ನು ಆಮೇಲೆ. ಮಗಳು ಹುಟ್ಟಿದ ಮೇಲೆ ಅವಳು ಕೆಲಸ ಬಿಟ್ಟಳು. ಈ ಕಂಪ್ಯೂಟರಿನಲ್ಲಿ ಮಾತ್ರ ಆ ಕಪ್ಪು ಪರದೆ ಇನ್ನೂ ತೆರೆಯುತ್ತದೆ.

ದಾರಿ ತೋರಿಸಿದವಳು ಇಂಜಿನಿಯರಿಂಗ್ ಓದುತ್ತಿರುವ ಅದೇ ಮಗಳು, ಶರ್ವಾಣಿ.

"ಪಪ್ಪಾ, ಟೆನ್ಶನ್ ನಕೋ! ಟರ್ಮಿನಲ್‌ನ್ಯಾಗ, ಅಂದ್ರ ನಿಮ್ಮ ಕಪ್ಪು ಪರದ್ಯಾಗ, ಸ್ಕ್ರೀನ್ ಮಾಡೋಕ ಲೈಬ್ರರಿ ಅದ, ಯಾರೋ ಬರೆದಿಟ್ಟ ರೆಡಿಮೇಡ್ ಕೋಡು. ಹೆಂಗ ಬಿಡಿಸಬೇಕಂತ ಹೇಳೋದು ಬ್ಯಾಡ. ಏನು ಕಾಣಬೇಕಂತ ಬರೀರಿ, ಬಸ್. ಬಾಕೀದು ಅದೇ ನೋಡ್ಕೋತದ."

ಒಂದು ಗೆರೆ ಎಳೆಯಲು ಪರದೆಯ ಎಷ್ಟನೇ ಸಾಲು, ಎಷ್ಟನೇ ಮನೆ ಎಂದು ಎಣಿಸುತ್ತಿದ್ದ ಕಾಲದವನು ನಾನು. ಈಗ 'ಇಲ್ಲೊಂದು ಚೌಕ, ಒಳಗೆ ಬೇಳೆ' ಎಂದರೆ ಸಾಕು, ಚೌಕ ಪ್ರತ್ಯಕ್ಷ! ಅಂಕಿ ಬದಲಾದರೆ ಚಿತ್ರವೂ ತಾನೇ ಬದಲಾಗುತ್ತದೆ. ರಸಾಯನಶಾಸ್ತ್ರದ ಪದವೀಧರನಾದ ನಾನು ಅಡುಗೆಮನೆಯ ಉದ್ಧಾರಕ್ಕೆ ಸಂಕಲ್ಪ ಮಾಡಿದೆ. ಡಬ್ಬಿಗೊಂದು ಚೌಕ, ಎಷ್ಟು ತುಂಬಿದೆಯೆಂದು ತೋರಿಸಲು ಹಸಿರು ಪಟ್ಟಿ. (ಕನ್ನಡದ ಒತ್ತಕ್ಷರಗಳು ಚೌಕ ದಾಟಿ ಪಕ್ಕದ ಡಬ್ಬಿಗೆ ಇಣುಕಿದ್ದರಿಂದ ಇಂಗ್ಲಿಷಿನಲ್ಲೇ ಬರೆದೆ.)

ಅವಳು ಗಡುವು ಕೊಟ್ಟ ಐತಾರ, ಅಂದರೆ ಭಾನುವಾರ, ಹೆಮ್ಮೆಯಿಂದ ಪರದೆ ಹಚ್ಚಿದೆ. ತೊಗರಿಬೇಳೆಯ ಪಟ್ಟಿ ತುಂಬಿ ಹೊಳೆಯುತ್ತಿತ್ತು. ಭುವನೇಶ್ವರಿ ಡಬ್ಬಿ ತಂದು ನನ್ನೆದುರೇ ಬೋರಲು ಹಾಕಿದಳು. ಒಂದು ಇರುವೆ ಬಿತ್ತು.

"ತುಂಬ್ಯದಂತ ಯಾರ್ ಹೇಳಿದ್ರು?"

"ಸೋಮವಾರ ತಕ್ಕಡಿಯಾಗ ತೂಗಿ ಬರ್ದೀನಿ. ಒಂದು ಗ್ರಾಮೂ ತಪ್ಪಿಲ್ಲ."

"ಸೋಮವಾರದಿಂದ ನಾವೇನ್ ಉಪವಾಸ ಇದ್ದೀವೇನ್ರಿ?"

ಶರ್ವಾಣಿ ಹೊಟ್ಟೆ ಹಿಡಿದು ನಕ್ಕಳು. "ಪಪ್ಪಾ, ಅದು ನೀವು ಹೇಳಿದ್ದಷ್ಟೇ ತೋರಿಸ್ತದ. ಡಬ್ಬಿ ಇಣುಕಿ ನೋಡಂಗಿಲ್ಲ!"

ಬೀದಿಯಲ್ಲಿ "ಭಂಗಾರ್‌ವಾಲೇ!" ಎಂಬ ಕೂಗು ಕೇಳಿಸಿತು. ನಾನು ತಲೆ ತಗ್ಗಿಸಿ ವೈರು ಕೀಳಲು ಬಾಗಿದೆ.

"ತಡೀರಿ. ತುಸು ಸರೀರಿ."

ನನ್ನ ಕುರ್ಚಿಯಲ್ಲಿ ಭುವನೇಶ್ವರಿ ಕುಳಿತಳು. ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಬೇಳೆ ಸೊನ್ನೆಗಿಳಿಯಿತು, ಸಕ್ಕರೆ ಅರ್ಧವಾಯಿತು, ಪಟ್ಟಿಗಳು ತಾವಾಗಿಯೇ ಸರಿದುಕೊಂಡವು. ಕಿವಿಯ ಬಳಿ ಕೂದಲು ಬೆಳ್ಳಗಾಗಿದೆ; ವೇಗ ಮಾತ್ರ ಕೌಂಟರಿನದೇ. ನನಗೆ ಕಣ್ಣು ಮಂಜಾಯಿತು.

"ಮೌಸ್ ಇಲ್ದ ಎಷ್ಟ್ ಛಲೋ ಅದ ನೋಡ್ರಿ!" ಎಂದವಳು ಕಿಟಕಿಯತ್ತ ತಿರುಗಿ ಕೂಗಿದಳು: "ಕಾಹೀ ನಾಹೀ ಭಾವು, ಪುಢೇ ಜಾ!"

ಗುಜರಿಯವನು ಮುಂದೆ ಹೋದ, ಕಂಪ್ಯೂಟರು ಬದುಕಿತು. ನಾನು ಉಸಿರು ಬಿಡುವಷ್ಟರಲ್ಲಿ ಅಪ್ಪಣೆಯಾಯಿತು: "ಶರ್ವಾಣಿ, ನಿಮ್ಮಪ್ಪಗೂ ಒಂದು ಚೌಕ ಹಾಕು."

ಮಗಳು ಒಂದೇ ಸಾಲು ಬರೆದಳು. ನನ್ನ ಹೆಸರಿನ ಚೌಕ ಎದ್ದು ನಿಂತಿತು. ಅದರೊಳಗೆ ಅವಳಮ್ಮನ ಬೆರಳಿನಿಂದ ಬೇಳೆ, ಜೋಳದ ಹಿಟ್ಟು, ಕೊತ್ತಂಬರಿ ಒಂದೊಂದಾಗಿ ಇಳಿದವು.

"ಇಂಥ ಬಿಸಿಲಾಗ ಇಷ್ಟೆಲ್ಲ ಹೆಂಗ ತರ್ಲಿ?" ಎಂದೆ.

"ಹೆಂಗ ಅಂತ ನಾ ಹೇಳಂಗಿಲ್ರಿ," ಪರದೆಯಿಂದ ಕಣ್ಣು ಕೀಳದೆ ಭುವನೇಶ್ವರಿ ಅಂದಳು. "ಏನು ಬೇಕಂತ ಬರ್ದೀನಿ."

ಕಂಪ್ಯೂಟರು ಫ್ಯಾನಿನ ಕೆಳಗೆ ತಣ್ಣಗೆ ಉಳಿಯಿತು. ಚೀಲ ಹಿಡಿದು ಮನೆಯಿಂದ ಹೊರಬಿದ್ದವನು ನಾನು.