ಎರಡನೇ ಮುಖದ ಮೂರನೇ ಹಾಡು

"ಅತ್ತೆ, ಈ ಮನೇಲಿ ಸೊಳ್ಳೆ ಕೆಮ್ಮಿದರೂ ನನಗೆ ಕೇಳಿಸತ್ತೆ!"

ಪಾಪುವಿನ ಅಮ್ಮ ಹೀಗೆ ಘೋಷಿಸಿದಾಗ ಮಧ್ಯಾಹ್ನ ಎರಡು ಗಂಟೆ. ಘೋಷಣೆಯಲ್ಲಿ ಸುಳ್ಳೇನೂ ಇರಲಿಲ್ಲ. ಎಂಟು ತಿಂಗಳ ಪಾಪು ಮೂರು ಗೋಡೆಗಳಾಚೆ ಮಗ್ಗುಲು ಬದಲಿಸಿದರೆ ಅವಳು ಸೋಪಿನ ಕೈಯಲ್ಲೇ ಓಡಿ ಬರುತ್ತಿದ್ದಳು. ಮಗ್ಗುಲು ಬದಲಿಸದಿದ್ದರೆ, ಯಾಕೆ ಬದಲಿಸಲಿಲ್ಲ ಎಂದು ಇನ್ನೂ ಜೋರಾಗಿ ಓಡಿ ಬರುತ್ತಿದ್ದಳು! ನೂರು ಮಕ್ಕಳನ್ನು ಒಟ್ಟಿಗೆ ಅಳಿಸಿದರೂ ತನ್ನದನ್ನು ಕಣ್ಣು ಮುಚ್ಚಿ ಹೆಕ್ಕಿ ತೆಗೆಯಬಲ್ಲೆ ಎಂಬುದು ಅವಳ ಹೆಮ್ಮೆ. ಅತ್ತೆಯ ಬಲಗಿವಿಯಲ್ಲಿ ಕಡಲೆಕಾಳಿನಷ್ಟು ಶ್ರವಣಯಂತ್ರವಿತ್ತು. ಆದ್ದರಿಂದ ಅವರು ಈ ವಿಷಯದಲ್ಲಿ ಸ್ಪರ್ಧೆಗೇ ಇಳಿದಿರಲಿಲ್ಲ.

ಆವತ್ತು ಆ ಮಹಾಕಿವಿಗೆ ಒಂದು ಮಹಾಕಾರ್ಯ ಒದಗಿ ಬಂದಿತ್ತು.

ಅವಳ ಗಂಡನಿಗೆ ಹನ್ನೆರಡು ವರ್ಷಗಳ ಹಿಂದೆ ಒಂದು ಬ್ಯಾಂಡ್ ಇತ್ತು. ಹೆಸರು 'ಒಂಟಿ ಕಾಲುಚೀಲ'. ಇಂಡಿ-ಪಾಪ್ ಎಂಬ ಜಾತಿಯ ಸಂಗೀತ. ಅಂದರೆ ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ, ಸ್ವಂತವಾಗಿ ಹಾಡು ಕಟ್ಟಿ, ಸ್ವಂತವಾಗಿ ನುಡಿಸಿ, ಸ್ವಂತ ನೆಂಟರಿಗೆ ಮಾತ್ರ ಕೇಳಿಸುವುದು. ಮೂರು ವರ್ಷ, ಹನ್ನೊಂದು ಹಾಡು. ಕೊನೆಯ ಕಾರ್ಯಕ್ರಮಕ್ಕೆ ಆರು ಜನ ಶ್ರೋತೃಗಳು, ಅವರಲ್ಲಿ ಇಬ್ಬರು ಕುರ್ಚಿ ಎತ್ತಿಡಲು ಬಂದವರು! ಆಮೇಲೆ ಗಂಡ ಕನ್ನಡಕದಂಗಡಿ ಸೇರಿದ, ಗಿಟಾರು ಅಟ್ಟ ಸೇರಿತು.

ಈಗ, ಜಗತ್ತು ಮರೆತ ಬ್ಯಾಂಡುಗಳನ್ನು ಹುಡುಕಿ ಹುಡುಕಿ, ಹಳೇ ಗ್ರಾಮಫೋನ್ ಮಾದರಿಯ ವಿನೈಲ್ ತಟ್ಟೆ ಹಾಕಿಸುವ ಹುಚ್ಚಿನವನೊಬ್ಬ ಪ್ರತ್ಯಕ್ಷನಾಗಿದ್ದ. ಹನ್ನೊಂದೂ ಹಾಡುಗಳು ಒಂದೇ ದೊಡ್ಡ ಕಪ್ಪು ತಟ್ಟೆಯಲ್ಲಿ! ಸಂಕಲನದ ಹೆಸರು 'ಜೋಡಿ ಸಿಕ್ಕಿತು'. ಆ ಸುದ್ದಿ ಬಂದ ದಿನದಿಂದ ಗಂಡ ಸ್ನಾನದ ಮನೆಯಲ್ಲಿ ಹಾಡತೊಡಗಿದ್ದ. ಮದುವೆಯಾದ ಮೇಲೆ ಅವನು ಹಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಮುನ್ನೂರು ತಟ್ಟೆ ಅಚ್ಚು ಹಾಕುವ ಮುಂಚೆ ಕಾರ್ಖಾನೆಯವರು ಬಿಳಿ ಲೇಬಲಿನ ಮಾದರಿ ತಟ್ಟೆ ಕಳಿಸುತ್ತಾರೆ. ಯಾರಾದರೂ ಕೂತು ಆ ತುದಿಯಿಂದ ಈ ತುದಿಯವರೆಗೆ ಕೇಳಬೇಕು. ಎಲ್ಲೂ ಟಿಕ್ ಟಿಕ್, ಚರ್ ಚರ್ ಇಲ್ಲದಿದ್ದರೆ 'ಸರಿ' ಎನ್ನಬೇಕು, ಯಂತ್ರ ಶುರುವಾಗುತ್ತದೆ. ಬ್ಯಾಂಡಿನವರು ಮಾತ್ರ ಕೇಳುವಂತಿಲ್ಲ. ಡ್ರಮ್ಮಿನವನಿಗೆ ಡ್ರಮ್ ಮಾತ್ರ ಕೇಳಿಸುತ್ತದೆ, ಹಾಡುಗಾರನಿಗೆ ತಾನು ಮಾತ್ರ!

"ನಾಲ್ಕು ಗಂಟೆಯೊಳಗೆ ಹೇಳಬೇಕು," ಎಂದಿದ್ದ ಗಂಡ, ಅಂಗಡಿಗೆ ಹೊರಡುತ್ತ. "ಈ ಸರದಿ ತಪ್ಪಿದರೆ ಮುಂದಿನದು ಏಳು ತಿಂಗಳಿಗೆ. ಅಷ್ಟು ಹೊತ್ತಿಗೆ ಆ ಮನುಷ್ಯನ ಹುಚ್ಚು ಬಿಟ್ಟಿರತ್ತೆ. ಹೆಡ್‌ಫೋನ್ ಹಾಕ್ಕೊಂಡು ಕೇಳು."

"ಹೆಡ್‌ಫೋನಾ? ಪಾಪು ಅತ್ತರೆ?"

"ಅಮ್ಮ ಇದ್ದಾರಲ್ಲ."

"ಅವರಿಗೆ ಬಾಗಿಲ ಗಂಟೆ ಕೇಳಿಸಿದರೇ ಹೆಚ್ಚು! ನಾನು ಸ್ಪೀಕರಿನಲ್ಲೇ ಕೇಳ್ತೀನಿ. ಒಂದು ಕಿವಿ ಹಾಡಿಗೆ, ಒಂದು ಕಿವಿ ಪಾಪುಗೆ."

ಪಾಪುವನ್ನು ಒಳಕೋಣೆಯಲ್ಲಿ ಮಲಗಿಸಿ, ನೋಟ್‌ಬುಕ್ಕು, ಪೆನ್ನು, ಗಡಿಯಾರ ಇಟ್ಟುಕೊಂಡು ಅವಳು ನ್ಯಾಯಾಧೀಶೆಯಂತೆ ಕೂತಳು. ಮೊದಲ ಮುಖ ಸುಸೂತ್ರ. ಎರಡು ಕಡೆ ಅನುಮಾನ ಬಂತು. ಒಂದು ಫ್ರಿಜ್ಜು, ಇನ್ನೊಂದು ಅವಳದೇ ಹೊಟ್ಟೆ.

ಎರಡನೇ ಮುಖದ ಮೂರನೇ ಹಾಡು. ಗಂಡನೊಬ್ಬನೇ ಹಾಡಿದ್ದು. ಎರಡು ನಿಮಿಷ ಹತ್ತು ಸೆಕೆಂಡಿಗೆ ಅವನ ದನಿ 'ಆ...' ಎಂದು ಮಾಳಿಗೆ ಏರತೊಡಗಿತು. ಜೊತೆಗೇ, ಮಗುವಿನ ಅಳು!

ಒಂದು ಸಾಲೂ ತಪ್ಪಬಾರದಲ್ಲ, ಮೊದಲು ಪ್ಲೇಯರಿನ ಮುಳ್ಳು ಎತ್ತಿದಳು, ಆಮೇಲೆ ಓಡಿದಳು. ಪಾಪು ಕಣ್ಣು ಮುಚ್ಚಿ ಬೆರಳು ಚೀಪುತ್ತ ಮಲಗಿತ್ತು. ನಿಶ್ಶಬ್ದ! ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿ, ಇನ್ನೊಮ್ಮೆ ನೋಡಿ, ವಾಪಸು ಬಂದಳು. ಮುಳ್ಳು ಇಟ್ಟಳು. ಮತ್ತೆ ಅದೇ ಜಾಗ, ಮತ್ತೆ ಅದೇ ಅಳು. ಮುಳ್ಳು ಎತ್ತಿ ಓಡಿದಳು. ಪಾಪು ಗಪ್‌ಚಿಪ್!

ಮೂರನೇ ಸಲ ಓಡಲಿಲ್ಲ. ಗಟ್ಟಿ ಮನಸ್ಸು ಮಾಡಿ ಕೂತು ಕೇಳಿದಳು.

"ಮಗು ಅಳ್ತಿದೆ ಕಣೇ!" ಕುರ್ಚಿಯಿಂದ ಅತ್ತೆ ಕೂಗಿದರು. ಮಂಡಿನೋವು, ಎದ್ದು ಹೋಗುವಂತಿರಲಿಲ್ಲ.

"ಅದು ರೆಕಾರ್ಡಿನಲ್ಲಿ, ಅತ್ತೆ!"

"ರೆಕಾರ್ಡಿಗೂ ಹಸಿವಾಗತ್ತಾ? ಹೋಗಿ ನೋಡೇ!"

"ಎರಡು ಸಲ ನೋಡಿದೆ. ನಿಮ್ಮ ಮಿಷನ್ನು ಒಂದು ಸಲ ತೋರಿಸಿಕೊಂಡು ಬರಬೇಕು," ಎಂದು ಅವಳು ನೋಟ್‌ಬುಕ್ಕಿನಲ್ಲಿ ಬರೆದಳು: 'ಮಗುವಿನ ಅಳು. ಸ್ಪಷ್ಟ.'

ಬರೆದ ಮೇಲೆ ಕೈ ನಿಂತಿತು. ಆ ಅಳು ಎಲ್ಲೋ ಕೇಳಿದಂತಿದೆಯಲ್ಲ? ಕೊನೆಯಲ್ಲಿ ಆ ಎಳೆತ, ಆ ಎರಡು ಬಿಕ್ಕಳಿಕೆ... ಥೇಟ್ ಪಾಪು! ಆದರೆ ಈ ಹಾಡು ಹನ್ನೆರಡು ವರ್ಷ ಹಳೆಯದು. ಮದುವೆಗೆ ಏಳು ವರ್ಷ ಮೊದಲಿನದು. ಪಾಪುವಿನಂತೆಯೇ ಅಳುವ ಮಗು, ಪಾಪುವಿನ ಅಪ್ಪನ ಪಕ್ಕದಲ್ಲಿ, ಆಗ ಏನು ಮಾಡುತ್ತಿತ್ತು?

ನೋಟ್‌ಬುಕ್ಕು ರಪ್ಪನೆ ಮುಚ್ಚಿದಳು. ಗಂಡನಿಗೆ ಫೋನು ಮಾಡಿದಳು.

"ಆ ಮಗು ಯಾರದ್ದು?"

"ಯಾವ ಮಗು? ಒಂದು ನಿಮಿಷ ಇರು... ಸಾರ್, ಕೆಳಗಿನ ಸಾಲು ಓದಿ."

"ಸಾಲು ಆಮೇಲೆ ಓದಿಸಿ! ನಿಮ್ಮ ಮೂರನೇ ಹಾಡಲ್ಲಿ ಮಗು ಅಳ್ತಿದೆ."

"ಅಲ್ಲೆಲ್ಲಿಂದ ಬಂತು ಮಗು? ಅದನ್ನ ಡ್ರಮ್ಮಿನವನ ಗ್ಯಾರೇಜಲ್ಲಿ ಹಾಡಿದ್ದು ಮಾರಾಯ್ತಿ. ಇದ್ದದ್ದು ನಾವು ನಾಲ್ಕು ಜನ, ಒಂದು ಸ್ಕೂಟರು."

"ಸ್ಕೂಟರು ಬಿಕ್ಕಳಿಸಲ್ಲ! ನಮ್ಮ ಪಾಪು ಥರಾನೇ ಅಳತ್ತೆ ರೀ ಅದು. ರಕ್ತ ಸುಳ್ಳು ಹೇಳತ್ತಾ?"

ಆ ಕಡೆ ಗಿರಾಕಿಯ ದನಿ ಕೇಳಿಸಿತು: "ಇ... ಎಫ್... ಅಯ್ಯೋ ಪಾಪ!"

ಅವಳು ಫೋನಿಟ್ಟಳು. ಹನ್ನೆರಡು ವರ್ಷ! ಅಂದರೆ ಈಗ ಆ ಮಗು ಆರನೇ ಕ್ಲಾಸು. ಒಂದು ದಿನ ಬೆನ್ನಿಗೆ ಚೀಲ ಹಾಕಿಕೊಂಡು ಬಂದು ಬಾಗಿಲು ತಟ್ಟುತ್ತದೆ. ಪಾಪುವಿನ ಹಳೆ ಅಂಗಿಗಳು ಅದಕ್ಕೆ ಹಿಡಿಸುವುದೂ ಇಲ್ಲ! ಸಿಟ್ಟಿನ ನಡುವೆಯೇ ಕರುಳು ಚುರುಕ್ ಎಂದಿತು. ಅಷ್ಟು ಅಳುತ್ತಿದ್ದ ಕೂಸನ್ನು ಆವತ್ತು ಯಾರಾದರೂ ಎತ್ತಿಕೊಂಡರೋ ಇಲ್ಲವೋ? ಕಣ್ಣೊರೆಸಿಕೊಂಡು, ಮೂರೂ ಇಪ್ಪತ್ತಕ್ಕೆ, ತಟ್ಟೆ ಹಾಕಿಸುತ್ತಿದ್ದ ಆ ರೆಕಾರ್ಡಿನವನಿಗೆ ಸಂದೇಶ ಒತ್ತಿದಳು: 'ನಿಲ್ಲಿಸಿ. ಮಗು ಅಳುತ್ತಿದೆ.'

ಮೂರೂ ಮುಕ್ಕಾಲಿಗೆ ಗಂಡ ಕನ್ನಡಕ ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡೇ ಬಂದ. ಹಿಂದೆ, ಏದುಸಿರು ಬಿಡುತ್ತ ರೆಕಾರ್ಡಿನವನು.

"ನನ್ನ ಹತ್ತಿರವೂ ಒಂದು ಮಾದರಿ ತಟ್ಟೆ ಇದೆ, ಮೇಡಂ. ಅದರಲ್ಲಿ ಮಗುವೂ ಇಲ್ಲ, ಮರಿಯೂ ಇಲ್ಲ! ಕಾರ್ಖಾನೆಯವರು ನಾಲ್ಕರ ತನಕ ಕಾಯ್ತಾರೆ, ಆಮೇಲೆ ಬೇರೆಯವರ ತಟ್ಟೆ ಏರಿಸ್ತಾರೆ."

"ಇದರಲ್ಲಿ ಇದೆ. ನೀವೇ ಕೇಳಿ," ಎಂದಳು ಅವಳು, ಗಂಡನ ಮುಖ ನೋಡದೆ. ಗಂಡ ಬೆಳ್ಳಗೆ ಬಿಳಿಚಿಕೊಂಡಿದ್ದ. ಏಳು ತಿಂಗಳಿಗೋ, ಮಗುವಿಗೋ, ಅವನಿಗೇ ಗೊತ್ತಿರಲಿಲ್ಲ.

ಮುಳ್ಳು ಕೂತಿತು. ಮೂವರೂ ಉಸಿರು ಬಿಗಿಹಿಡಿದರು. ದನಿ ಏರಿತು. 'ಆ...'

"ಹ್ಞಾಂ! ಕೇಳಿದಿರಾ? ಅದೇ!" ಎಂದು ಕುಣಿದಳು ಪಾಪುವಿನ ಅಮ್ಮ.

ರೆಕಾರ್ಡಿನವನು ಸ್ಪೀಕರಿನ ಕಡೆ ನೋಡಲಿಲ್ಲ. ಒಳಕೋಣೆಯ ಬಾಗಿಲ ಕಡೆ ನೋಡಿದ. ಮುಳ್ಳು ಎತ್ತಿದ. ಮೌನ. ಇಳಿಸಿದ. ಅಳು. ಎತ್ತಿದ. ಮೌನ. ಆಮೇಲೆ ಬಹಳ ಮೆಲ್ಲಗೆ, ಡಾಕ್ಟರು ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ ಕೇಳಿದ: "ಮೇಡಂ, ಒಳಗಿರೋದು ನಿಮ್ಮ ಮಗೂನಾ?"

ಅವಳು ಓಡಿದಳು. ಈ ಸಲ ಹಾಡು ನಿಲ್ಲಿಸುವವರಿರಲಿಲ್ಲ, ಮುಳ್ಳು ಮತ್ತೆ ಇಳಿದಿತ್ತು. ತೊಟ್ಟಿಲಲ್ಲಿ ಪಾಪು ಕೆಂಪಗೆ ಕೆಂಪಾಗಿ, ಎರಡೂ ಮುಷ್ಟಿ ಬಿಗಿದು, ಅಪ್ಪನ ಹಾಡಿಗೆ ಬಾಯಿತುಂಬ ಪ್ರತಿಭಟಿಸುತ್ತಿತ್ತು! ಅದನ್ನೆತ್ತಿ ಎದೆಗೊತ್ತಿಕೊಂಡು, "ಕ್ಷಮಿಸೋ ಕಂದ, ಕ್ಷಮಿಸೋ," ಎನ್ನುವಷ್ಟರಲ್ಲಿ ಅವಳಿಗೂ ಅಳು ಬಂತು. ನೂರರಲ್ಲಿ ಹೆಕ್ಕುವುದಿರಲಿ, ಇದ್ದ ಒಂದನ್ನೇ ಗುರುತಿಸಲಿಲ್ಲ!

ಹೊರಬಂದಾಗ ರೆಕಾರ್ಡಿನವನು ಫೋನಿನಲ್ಲಿದ್ದ: "ಹೂಂ, ಶುರು ಮಾಡಿ. ತಟ್ಟೆಯಲ್ಲಿ ದೋಷ ಇಲ್ಲ." ಗಡಿಯಾರದಲ್ಲಿ ನಾಲ್ಕಕ್ಕೆ ಮೂರು ನಿಮಿಷ.

ಗಂಡ ಮಾತ್ರ ಕುಸಿದು ಕೂತಿದ್ದ. "ನನ್ನ ಮಗೂಗೇ ನನ್ನ ಹಾಡು ಹಿಡಿಸಲ್ಲ."

"ಬೇಜಾರು ಮಾಡ್ಕೋಬೇಡಿ," ಎಂದು ಸಮಾಧಾನಿಸಿದ ರೆಕಾರ್ಡಿನವನು. "ಆಗ ಕೇಳೋಕೆ ಬಂದವರು ಎದ್ದು ಹೋಗ್ತಿದ್ದರು. ಇದಕ್ಕೆ ಇನ್ನೂ ಎದ್ದು ಹೋಗೋಕೆ ಬರಲ್ಲ, ಅಷ್ಟೆ."

ಪಾಪುವಿನ ಅಮ್ಮ ನೆಲ ನೋಡುತ್ತ ಅತ್ತೆಯ ಮುಂದೆ ನಿಂತಳು. ಬೈಗುಳಕ್ಕೆ ತಯಾರಾಗಿದ್ದಳು. ಅತ್ತೆ ಬೈಯಲಿಲ್ಲ. ನಿಧಾನವಾಗಿ ಬಲಗಿವಿಯಿಂದ ಶ್ರವಣಯಂತ್ರ ಬಿಚ್ಚಿ, ಕರ್ಚೀಫಿನಲ್ಲಿ ಒರೆಸಿ, ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇಟ್ಕೋಮ್ಮ. ಸೊಳ್ಳೆ ಕೆಮ್ಮಿದಾಗ ನನಗೂ ಒಂದು ಮಾತು ಹೇಳು."