ನಿರ್ಧಾರ ತಗೊಳ್ಳೋರು ಯಾರ್ರೀ?

ಫೋನಿನಲ್ಲಿ ಅಂಗಡಿಯವರನ್ನು ಮಾತಿಗೆಳೆಯುವ ಕೆಲಸಕ್ಕೆ ಸೇರಿದಾಗಿನಿಂದ ಒಂದಲ್ಲ ಒಂದು ತಮಾಷೆ ನಡೆದೇ ಇರುತ್ತದೆ. ಕಂಪನಿ ಬೆಂಗಳೂರಿನದು, ಮಾರುವುದು ಅಂಗಡಿ ಲೆಕ್ಕದ ಸಾಫ್ಟ್‌ವೇರ್. ನಾನು ಘಟಪ್ರಭಾದ ನಮ್ಮ ಮನೆಯ ಮಾಳಿಗೆ ಮೇಲೆ ಕೂತು, ಫೋನ್ ಮಾಡಿ ಡೆಮೊಗೆ ಒಪ್ಪಿಸಬೇಕು. ವಿಡಿಯೊದಲ್ಲಿ ಡೆಮೊ ತೋರಿಸುವವರು ನಮ್ಮ ಸೀನಿಯರ್. ಕೊಟ್ಟ ಗಡುವಿನೊಳಗೆ ಒಂದಾದರೂ ಮಾರಾಟವಾದರೆ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಇರುವುದೇ ಮನೆಯಲ್ಲಿ, ಆದರೂ ಹೆದರಿಕೆ ಹೆದರಿಕೆಯೇ. ಅತ್ತ ರಿಂಗ್ ಆಗುವಷ್ಟು ಹೊತ್ತು ನಾನು ದೂರದ ಕಬ್ಬು ನೋಡುತ್ತ, ಆ ಅಂಗಡಿ ಹೇಗಿರಬಹುದೆಂದು ಕನಸು ಕಾಣುತ್ತೇನೆ.

ಗೋಕಾಕ

ಕರದಂಟಿನ ಅಂಗಡಿಯವರು "ಒಂದ್ ನಿಮಿಷ ತಡೀರಿ" ಎಂದು ಫೋನನ್ನು ಗಲ್ಲಾದ ಮೇಲಿಟ್ಟು ಗಿರಾಕಿಗಳತ್ತ ತಿರುಗಿದರು. ತಕ್ಕಡಿಯ ಸದ್ದು, ಯಾರದೋ ನಗು, ಕಾಗದದ ಸರಪರ. ಕೇಳುತ್ತ ಕೇಳುತ್ತ ನಾನೂ ಆ ಅಂಗಡಿಯೊಳಗೇ ಹೋಗಿ ಕೂತೆ. ತುಪ್ಪದ ವಾಸನೆಯೂ ಬಂದಂತಾಯಿತು. ಬಹಳ ಹೊತ್ತಿನ ಮೇಲೆ ಅವರು ಫೋನೆತ್ತಿದರು.

"ಇನ್ನೂ ಅದೀರೇನ್ರಿ?"

"ಅದೀನ್ರಿ."

"ಚಲೋ ಆತು. ಅಂಗಡಿ ಕಡೆ ಲಕ್ಷ್ಯ ಇರಲಿ, ಉಂಡು ಬರ್ತೀನಿ."

ಮೂಡಲಗಿ

ಗೊಬ್ಬರದ ಅಂಗಡಿಯ ಕಾಕಾಗೆ ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದೆ. "ನೋಡೋಣಂತ" ಎನ್ನುವುದು ಬಿಟ್ಟು ಅವರು ಬೇರೇನೂ ಹೇಳಿದವರಲ್ಲ. ಒಂದು ಸೋಮವಾರ ಜ್ವರ ಬಂದು ಮಲಗಿಬಿಟ್ಟೆ. ಮಂಗಳವಾರ ಅವರದೇ ಫೋನು.

"ನಿನ್ನಿ ಯಾಕವ್ವಾ ಮಾಡಲಿಲ್ಲ? ಆರಾಮ ಅದಿ ಹೌದಿಲ್ಲೋ?"

ನನಗೆ ಕಣ್ಣು ತುಂಬಿ ಬಂತು. ಜ್ವರದಲ್ಲೂ ಕೆಲಸ ಮರೆಯದೆ ಕೇಳಿದೆ. "ಹಂಗಾರ ಡೆಮೊ ಇಡೋಣೇನ್ರಿ ಕಾಕಾ?"

"ಅದೆಲ್ಲ ಬ್ಯಾಡವ್ವ. ಫೋನ್ ಅಷ್ಟ ತಪ್ಪಿಸಬ್ಯಾಡ."

ಹುಕ್ಕೇರಿ

ನಿರ್ಧಾರ ತೆಗೆದುಕೊಳ್ಳುವವರು ಯಾರೆಂದು ಕೇಳಿ, ಅವರನ್ನೇ ಡೆಮೊಗೆ ಕೂರಿಸಬೇಕೆಂಬುದು ನಮ್ಮ ಕಂಪನಿಯ ನಿಯಮ. ಜವಳಿ ಅಂಗಡಿಯ ಮಾಲೀಕರನ್ನು ಕೇಳಿದೆ. "ಅಂಗಡಿ ನಂದು, ನಿರ್ಧಾರ ನಮ್ಮ ಅವ್ವಂದು" ಎಂದರು.

ವಿಡಿಯೊ ಹಚ್ಚಿದಾಗ ಇಡೀ ಮನೆಯೇ ಕೂತಿತ್ತು. ನಡುವೆ ಅಜ್ಜಿ, ಪಕ್ಕದಲ್ಲಿ ಕಾಲೇಜು ಮುಗಿಸಿದ ಮೊಮ್ಮಗಳು. ಮೊಮ್ಮಗಳು ಸ್ಟಾಕ್ ಬಗ್ಗೆ ಕೇಳಿದ ಪ್ರಶ್ನೆಗೆ ನಮ್ಮ ಸೀನಿಯರ್ ತಡವರಿಸಿದರು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ತಮ್ಮಾ, ಲಗ್ನ ಆಗೇತೇನು?" ಗಿರಾಕಿಯ ಜೊತೆ ಸಲಿಗೆಯಿಂದ ಇರಬೇಕೆಂದು ಸೀನಿಯರ್ ನಗುನಗುತ್ತ "ಇಲ್ಲ ಅಜ್ಜಿ" ಎಂದರು.

ಆ ವಾರ ಕಳೆದರೆ ನನ್ನ ಗಡುವು ಮುಗಿಯುತ್ತಿತ್ತು. ಮರುದಿನವೇ ಫೋನ್ ಮಾಡಿದೆ. ಎತ್ತಿದವರು ಅಜ್ಜಿ.

"ನಿನ್ನಿ ತೋರಿಸಿದ್ದು ನನಗ ಒಂದೂ ತಿಳೀಲಿಲ್ಲವ್ವ. ಆದ್ರ ತೋರಿಸಿದ ಹುಡುಗ ಪಸಂದ ಅದಾನ. ಕಲಿಸಾಕ ಅವನೇ ಬರ್ತಾನಂದ್ರ ತಗೋತೀವಿ."

ಕೆಲಸ ಕಾಯಂ ಆಯಿತೆಂದು ನಾನು ಮಾಳಿಗೆ ಮೇಲೆ ತೇಲುತ್ತಿದ್ದೆ. ಅಜ್ಜಿ ಇನ್ನೂ ಫೋನ್ ಇಟ್ಟಿರಲಿಲ್ಲ.

"ಒಂದು ಕೇಳ್ತೀನಿ. ಆ ಹುಡುಗನ ಮನಿಯಾಗ ನಿರ್ಧಾರ ತಗೊಳ್ಳೋರು ಯಾರವ್ವಾ?"

ನಾನು ಸೀನಿಯರ್‌ಗೆ ಅದನ್ನೇ ಮೆಸೇಜು ಹಾಕಿ ಕೇಳಿದೆ. ಎಂದೂ ಎರಡು ದಿನಕ್ಕೆ ಮೊದಲು ಉತ್ತರ ಕೊಡದ ಮನುಷ್ಯ, ಆ ಕೂಡಲೇ ತಾಯಿಯ ನಂಬರ್ ಕಳಿಸಿದರು.