ಒಂದು ಪೊಟ್ಟಣಕ್ಕೆ ಒಬ್ಬ ರೋಗಿ

ಹೊಟ್ಟೆ ಕೆಟ್ಟಿದೆ ಎಂಬ ಸುಳ್ಳನ್ನು ಮನೆಯೊಳಗೆ ಕೂತು ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಸಿಗಲಿಲ್ಲವೆಂದು ರೋಗಣ್ಣ ಬಾಲ್ಕನಿಗೆ ಬಂದು, "ಮೇಡಂ, ರಾತ್ರಿಯಿಂದ ಭೇದಿ, ನಿಲ್ತಾನೇ ಇಲ್ಲ" ಎಂದು ಕೂಗಿದ. ಆ ಕಡೆ ಆರೋಗ್ಯ ಕಚೇರಿಯ ಮೇಡಂ ರಜೆ ಕೊಟ್ಟರು. ಈ ಕಡೆ ಪಕ್ಕದ ಮನೆಯ ಅಜ್ಜಮ್ಮ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದರು.

ರೋಗಣ್ಣ ಎಂಬುದು ಬೀದಿಯವರಿಟ್ಟ ಹೆಸರು. ಊರಿನ ಔಷಧಿ ಅಂಗಡಿಗಳಿಂದ ಯಾವ ಬೀದಿಗೆ ಯಾವ ಔಷಧಿ ಹೋಯಿತೆಂದು ಕಂಪ್ಯೂಟರಿನಲ್ಲಿ ನೋಡುತ್ತಾ ಕೂರುವುದು ಅವನ ಕೆಲಸ. ಭೇದಿಯಾದವರು ನೀರಲ್ಲಿ ಕಲಸಿ ಕುಡಿಯುವ ಓಆರ್‌ಎಸ್ ಪುಡಿ ಒಂದೇ ಬೀದಿಗೆ ಇದ್ದಕ್ಕಿದ್ದಂತೆ ಖರ್ಚಾದರೆ ಕಚೇರಿಯಲ್ಲಿ ಗಂಟೆ ಹೊಡೆಯುತ್ತದೆ. ಜನ ಆಸ್ಪತ್ರೆ ಸೇರುವ ಮೊದಲೇ ರೋಗದ ಜಾಡು ಸಿಗುತ್ತದೆ. ಪುಡಿ ಕೊಂಡವರೆಲ್ಲ ರೋಗಿಗಳೇನ್ರೀ ಎಂದು ಮೇಡಂ ಅನುಮಾನಪಟ್ಟಾಗ, "ಒಂದು ಪೊಟ್ಟಣಕ್ಕೆ ಒಬ್ಬ ರೋಗಿ, ನನ್ನ ಲೆಕ್ಕ ತಪ್ಪಲ್ಲ" ಎಂದು ಎದೆ ತಟ್ಟಿಕೊಂಡವನು ಅವನೇ.

ಅಂಥವನು ಸುಳ್ಳು ಹೇಳಿದ್ದು ಮಗಳಿಗಾಗಿ. ಮಧ್ಯಾಹ್ನ ಶಾಲೆಯಲ್ಲಿ ನಾಟಕ, ಅವಳದು ಆಮೆಯ ಪಾತ್ರ. ಹೋದ ವರ್ಷ ಮೊಲವಾಗಿದ್ದಾಗ ಈ ಹಾಳು ಗಂಟೆ ಹೊಡೆದು ಅವನಿಗೆ ಹೋಗಲಾಗಿರಲಿಲ್ಲ. ಆಗ ಮಗಳು ಮುಖ ಊದಿಸಿಕೊಂಡಿದ್ದನ್ನು ಅವನು ಇನ್ನೂ ಮರೆತಿರಲಿಲ್ಲ. ಹೆಂಡತಿ, ಮಗಳು ಬೆಳಿಗ್ಗೆಯೇ ಚಿಪ್ಪು ಹೊತ್ತುಕೊಂಡು ಶಾಲೆಗೆ ಹೋಗಿದ್ದರು.

ಅವನು ಶರ್ಟಿಗೆ ಇಸ್ತ್ರಿ ಹಾಕುತ್ತಿರುವಾಗ ಯಾರೋ ಬಾಗಿಲು ಬಡಿದರು. ಹಾಸಿಗೆಗೆ ಹಾರಿ ಹೊದ್ದುಕೊಂಡು, "ತೆಗೆದೇ ಇದೆ, ಬನ್ನಿ" ಎಂದು ನರಳಿದ. ಅಜ್ಜಮ್ಮ ಔಷಧಿ ಅಂಗಡಿಯಿಂದ ಪುಡಿಯ ಪೊಟ್ಟಣ ಕೊಂಡು ತಂದಿದ್ದರು. ಹಿಂದೆಯೇ ಅವರಿಂದ ಸುದ್ದಿ ಕೇಳಿದ ದರ್ಜಿ, ಅವನ ಕೈಯಲ್ಲೊಂದು. ನಿವೃತ್ತ ಹೆಡ್‌ಮಾಸ್ಟರು ಕೈಗೆ ಬಂದಷ್ಟು ತಂದಿದ್ದರು, "ಇರಲಿ, ಆಪತ್ತಿಗಾಗುತ್ತೆ."

"ಅಯ್ಯೋ, ಯಾಕೆ ತೊಂದರೆ ತಗೊಂಡ್ರಿ?"

"ಸುಮ್ನೆ ಕುಡಿಯಪ್ಪ. ಮುಖ ನೋಡು, ಹೇಗೆ ಬಾಡಿದೆ!" ಎಂದರು ಅಜ್ಜಮ್ಮ.

ಒಬ್ಬೊಬ್ಬರೂ ತಮ್ಮ ಪಾಲಿನ ಲೋಟ ಕುಡಿಸಿದರು. ಕೊನೆಗೆ ಅಜ್ಜಮ್ಮ ಸೆರಗಿನಡಿಯಿಂದ ಹರಳೆಣ್ಣೆಯ ಬಾಟಲಿ ತೆಗೆದರು.

"ಕೆಟ್ಟಿದ್ದೆಲ್ಲ ಒಂದೇ ಸಲಕ್ಕೆ ತೊಳೆದು ಹೋಗ್ಲಿ."

"ಅಜ್ಜಮ್ಮ, ಭೇದಿಗೆ ಯಾರಾದ್ರೂ ಹರಳೆಣ್ಣೆ..."

ಬಾಯಿ ತೆರೆದದ್ದೇ ತಪ್ಪಾಯಿತು. ಎಣ್ಣೆ ಗಂಟಲಿಗಿಳಿಯಿತು.

ಎಲ್ಲರನ್ನೂ ಸಾಗಹಾಕಿ, ಶೂ ಹಾಕಿಕೊಂಡು ಕಳ್ಳಬೆಕ್ಕಿನಂತೆ ಗೇಟಿಗೆ ಬಂದರೆ ಎದುರಿಗೆ ಕಚೇರಿಯ ಜೀಪು! ಮಾಸ್ಕ್ ತೊಟ್ಟ ಮೇಡಂ ಇಳಿದರು.

"ನಿಮ್ಮ ಬೀದಿಗೆ ಗಂಟೆ ಹೊಡೀತು ಕಣ್ರೀ! ಬೆಳಿಗ್ಗೆಯಿಂದ ಹತ್ತಾರು ಪೊಟ್ಟಣ! ಶಾಲೆಗೂ ಫೋನ್ ಮಾಡಿದ್ದೀನಿ, ಇವತ್ತಿನ ನಾಟಕ ನಾಳೆಗೆ ಹಾಕಿ, ಮಕ್ಕಳನ್ನ ಮನೆಗೆ ಕಳಿಸಿ ಅಂತ."

ಜೀಪು ಕಂಡು ಬೀದಿಯವರೆಲ್ಲ ಮತ್ತೆ ಸೇರಿದ್ದರು. ಮೇಡಂ ಮಾತು ಕೇಳಿ ಹೆಡ್‌ಮಾಸ್ಟರು ಹೊಟ್ಟೆ ಹಿಡಿದುಕೊಂಡರು. "ನಂಗೂ ಯಾಕೋ ಗುಡುಗುಡು ಅಂತಿದೆ." ದರ್ಜಿಗೆ ತಲೆ ಸುತ್ತಿತು.

ರೋಗಣ್ಣನಿಗೆ ನಾಚಿಕೆಯಾಯಿತು. ತನ್ನೊಬ್ಬನ ಸುಳ್ಳಿಗೆ ಇಡೀ ಬೀದಿ ನರಳುವುದೇ?

"ಮೇಡಂ, ರೋಗ ಇಲ್ಲ, ಏನೂ ಇಲ್ಲ. ಮಗಳ ನಾಟಕ ನೋಡೋಕೆ ಸುಳ್ಳು ಹೇಳಿದೆ. ಪುಡಿ ಎಲ್ಲ ಇವರು ನಂಗೇ ತಂದಿದ್ದು. ನಾನು ಕಲ್ಲುಗುಂಡಿನ ಹಾಗೆ..."

ಅಷ್ಟರಲ್ಲಿ ಹರಳೆಣ್ಣೆ ತನ್ನ ಕೆಲಸ ಶುರು ಮಾಡಿತು. ಮಾತು ಅಲ್ಲಿಗೇ ಬಿಟ್ಟು ಅವನು ಒಳಗೆ ಓಡಿದ. ಹೊರಬಂದವನು ಮತ್ತೆ ಓಡಿದ.

ಮೇಡಂ ಮರುಕದಿಂದ ತಲೆಯಾಡಿಸಿದರು. "ಪಾಪ, ರೋಗ ಮುಚ್ಚಿಡೋಕೆ ನೋಡ್ತಿದ್ದಾರೆ."

ಬೀದಿಯವರನ್ನೆಲ್ಲ ಪರೀಕ್ಷಿಸಿದ್ದಾಯಿತು. ಅವರದು ಬರೀ ಹೆದರಿಕೆ, ನಿಜವಾದ ಲಕ್ಷಣ ಕಂಡಿದ್ದು ರೋಗಣ್ಣನೊಬ್ಬನಲ್ಲೇ. ಪರೀಕ್ಷೆಯ ಫಲಿತಾಂಶ ಬರುವ ತನಕ ಅವನು ಹೊಸಿಲು ದಾಟಬಾರದೆಂದು ಅಪ್ಪಣೆಯಾಯಿತು. ಆ ನಿಯಮ ಬರೆದವನೂ ಅವನೇ.

ಮಗಳು ಕುಣಿಯುತ್ತಾ ಬಂದಳು. "ಅಪ್ಪಾ, ನಾಟಕ ನಾಳೆ ಅಂತೆ! ನಾಳೆ ಬರ್ತೀಯಲ್ವಾ?"

ಅವನ ಕಣ್ಣು ತುಂಬಿ ಬಂತು. ಉತ್ತರ ಹೇಳುವ ಮೊದಲೇ ಮತ್ತೆ ಎದ್ದು ಓಡಬೇಕಾಯಿತು.

ಮರುದಿನ ಬೀದಿಗೆ ಬೀದಿಯೇ ನಾಟಕಕ್ಕೆ ಹೋಯಿತು. ಮುಂದಿನ ಸಾಲಿನಲ್ಲಿ ಅವನಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಅಜ್ಜಮ್ಮ ಕೂತರು. ವಾಪಸು ಬರುವಾಗ ಅವನ ಕಿಟಕಿಯ ಕೆಳಗೆ ನಿಂತು ಕೂಗಿದರು:

"ನಿನ್ನ ಮಗಳು ಆಮೆ ಪಾತ್ರ ಏನ್ ಮಾಡಿದ್ಲಪ್ಪ! ಚಿಪ್ಪಿನಿಂದ ತಲೆ ಆಚೆ ಹಾಕ್ಬೇಕಲ್ಲ? ಹಾಕಲೇ ಇಲ್ಲ. ಅಪ್ಪ ಬರೋ ತನಕ ಬರಲ್ಲ ಅಂತ ಒಳಗೇ ಕೂತಿದ್ಲು!"